ಮಗ್ಗದ ಮೇಲಿಟ್ಟ ಸ್ಪೈಕ್ ಶೂ

ಆಗಸ್ಟ್ 6, ಬುಧವಾರ

ಮತ್ತೆ ಐದಕ್ಕೇ ಎಬ್ಬಿಸಿದರು ನಮ್ಮ ಯಜಮಾನರು. ಮಗಳನ್ನು ಮಾತ್ರ ಅಲ್ಲ, ಇಡೀ ಬೀದಿಯನ್ನು. ಇವರ ಗಂಟಲು ಅಂಥದ್ದು. ಪವರ್‌ಲೂಮ್ ಶೆಡ್ಡಿನಲ್ಲೇ ಹುಟ್ಟಿ ಬೆಳೆದವರು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ, ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ.

"ಇಂದೂ! ಏಳು ಕಣ್ಣೂ! ಗೋಕಿಲಾ ಇಷ್ಟೊತ್ಗೆ ಗ್ರೌಂಡಲ್ಲಿರ್ತಾಳೆ!"

ಗೋಕಿಲಾ ಸೋಮನೂರಿನ ಹುಡುಗಿ. ನಮ್ಮ ಇಂದುಜಾ ಹಾಗೇ ಎಂಟುನೂರು ಮೀಟರ್ ಓಡುತ್ತಾಳೆ. ಆ ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಿಯೂ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ದಿನಾ ಬೆಳಗ್ಗೆ ಅವಳದೇ ಸುಪ್ರಭಾತ.

ನಮ್ಮವಳಿಗೆ ಹದಿನೈದು. ಹತ್ತನೇ ಕ್ಲಾಸ್. ಹಸಿ ಮೊಟ್ಟೆ ಕುಡಿಯಬೇಕು. ದೋಸೆಗೆ ಎಣ್ಣೆ ಬೇಡ. ನಿನ್ನೆ ಗೆಳತಿಯ ಜೊತೆ ಪರೋಟ ತಿಂದಳಂತೆ — ಇವರು ಪೊಲೀಸ್ ಸ್ಟೇಷನ್ ಹಾಗೆ ವಿಚಾರಣೆ ನಡೆಸಿದರು. ಎಷ್ಟು ತಿಂದೆ, ಯಾರು ಕೊಡಿಸಿದ್ದು, ಕುರ್ಮಾ ಹಾಕ್ಕೊಂಡ್ಯಾ... ಥೂ.

ಎಲ್ಲಾದರೂ ಕಕ್ಕಲೇಬೇಕಲ್ಲ, ಇಲ್ಲಿ ಬರೆಯುತ್ತೇನೆ. ಕೊಳ್ಳೇಗಾಲದಿಂದ ಮದುವೆಯಾಗಿ ಕೊಯಮತ್ತೂರಿನ ಹತ್ತಿರದ ಈ ಕರುಮತ್ತಂಪಟ್ಟಿಗೆ ಬಂದವಳು ನಾನು. ಈ ಮನೆಯಲ್ಲಿ ಎಲ್ಲರೂ ತಮಿಳು ಬೆರೆಸಿದ ಕನ್ನಡ ಆಡುತ್ತಾರೆ, ಒಬ್ಬರಿಗೂ ಕನ್ನಡ ಓದಲು ಬರದು. ಡೈರಿಯನ್ನು ಟಿವಿ ಪಕ್ಕದಲ್ಲೇ ಇಡುತ್ತೇನೆ. ಅತ್ತೆ ಅದರ ಮೇಲೆ ಕಾಫಿ ಲೋಟ ಇಡುತ್ತಾರೆ.

ಆಗಸ್ಟ್ 9

ತಮಾಷೆ ಏನೆಂದರೆ ಇವರು ಜನ್ಮದಲ್ಲಿ ಓಡಿದವರಲ್ಲ. ಬಸ್ ತಪ್ಪಿದರೂ ಓಡುವುದಿಲ್ಲ, ಇನ್ನೊಂದು ಬರುತ್ತದೆ ಅನ್ನುತ್ತಾರೆ. ಎರಡು ವರ್ಷದ ಹಿಂದೆ ಇಂದು ಸ್ಕೂಲಿನಲ್ಲಿ ಗೆದ್ದಳು, ಪೇಪರಿನಲ್ಲಿ ಅಂಗೈಯಗಲ ಫೋಟೋ ಬಂತು. ಅಲ್ಲಿಂದ ಹಿಡಿಯಿತು ಹುಚ್ಚು. ನೇಕಾರರ ಸಂಘದಲ್ಲಿ ಇವರಿಗೆ ಮುಂದಿನ ಕುರ್ಚಿ. ದೀನದಯಾಳನ್ ಅನ್ನುವ ಹೆಸರು ಹೋಗಿ "ರನ್ನರ್ ಅಪ್ಪ" ಆಗಿದ್ದಾರೆ. ಕೊರಳಲ್ಲಿ ಸ್ಟಾಪ್‌ವಾಚ್. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ನನ್ನ ತಾಳಿಯನ್ನು ನಾನೇ ಅಷ್ಟು ಜೋಪಾನ ಮಾಡಿಲ್ಲ.

ಆಗಸ್ಟ್ 22, ಶುಕ್ರವಾರ

ತಿರುಪ್ಪೂರಿನಲ್ಲಿ ಓಪನ್ ಮೀಟ್. ಸುಡುಬಿಸಿಲು.

ಲೈನಿಗೆ ಕರೆಯುವ ಮೊದಲು ಇಂದು ನನ್ನ ಕೈ ಹಿಡಿದಳು. ಐಸಿನ ಹಾಗಿತ್ತು. ಬೆರಳು ಮಡಿಸಲು ಆಗುತ್ತಿಲ್ಲ. ಹಲ್ಲು ಕಟಕಟ, ಮೈಯೆಲ್ಲ ನಡುಕ, ಉಸಿರು ಸಿಕ್ಕಿ ಸಿಕ್ಕಿ ಬರುತ್ತಿದೆ. ಬೇಲಿ ಪಕ್ಕ ಹೋಗಿ ಕುಡಿದ ಮೊಟ್ಟೆಯನ್ನೆಲ್ಲ ಕಕ್ಕಿದಳು. ನಾನು ನೀರಿನ ಬಾಟಲಿ ಹುಡುಕುತ್ತಿದ್ದೇನೆ, ಅತ್ತೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದಾರೆ.

"ಡೇ ದೀನೂ, ನೋಡೋ! ಕೂಸಿನ ಮೇಲೆ ಚೌಡಮ್ಮ ಬಂದವ್ಳೆ!"

ಚೌಡೇಶ್ವರಿ ಮನೆದೇವರು. ಹಬ್ಬದಲ್ಲಿ ಯಾರಾದರೊಬ್ಬರ ಮೈಮೇಲೆ ಬರುವುದು, ಅಪ್ಪಣೆ ಕೊಡುವುದು — ಇವರಿಗೆಲ್ಲ ಅದು ಮಾಮೂಲು. ರನ್ನಿಂಗ್ ಟ್ರ್ಯಾಕಿಗೂ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ.

"ಅದು ಭಯ ಅತ್ತೆ. ಬರೀ ಭಯ."

"ನಿಂಗ್ ತಿಳೀದು. ಸುಮ್ಕಿರು."

ಇವರು ಜೇಬಿನಿಂದ ವಿಭೂತಿ ತೆಗೆದು ಅವಳ ಹಣೆಗೆ ಬಳಿದು ಲೈನಿಗೆ ತಳ್ಳಿದರು. ಓಡಿದಳು. ಫಸ್ಟ್ ಬಂದಳು!

ಮುಗಿಯಿತಲ್ಲ. ಇನ್ನು ಯಾರು ನನ್ನ ಮಾತು ಕೇಳುತ್ತಾರೆ?

ಸೆಪ್ಟೆಂಬರ್ 13, ಶನಿವಾರ

ಕೊಯಮತ್ತೂರಿನಲ್ಲಿ ಜಿಲ್ಲಾ ಮೀಟ್. ಬರೆಯಲು ಕೈ ಬರುತ್ತಿಲ್ಲ, ಅಷ್ಟು ಕೋಪ.

ಈ ಸಲ ಎಲ್ಲ ಸಿದ್ಧ ಮಾಡಿಕೊಂಡೇ ಬಂದಿದ್ದರು. ನಿಂಬೆಹಣ್ಣು, ಬೇವಿನಸೊಪ್ಪು, ಅರಿಶಿನದ ನೀರು. ಕಾಯುತ್ತಿದ್ದರು, ಯಾವಾಗ ನಡುಗುತ್ತಾಳೆ ಎಂದು. ಅಷ್ಟು ಕಣ್ಣು ತನ್ನ ಮೇಲಿದ್ದರೆ ಯಾರು ತಾನೇ ನಡುಗುವುದಿಲ್ಲ? ನಡುಗಿದಳು. ತಕ್ಷಣ ಇವರು ಎಲ್ಲ ಹುಡುಗಿಯರ ಎದುರಿಗೆ, ಸಿಂಥೆಟಿಕ್ ಟ್ರ್ಯಾಕಿನ ಮೇಲೆ, ಹೆತ್ತ ಮಗಳ ಕಾಲಿಗೆ ಅಡ್ಡಬಿದ್ದರು. "ತಾಯೀ, ತಂಗ ಮೆಡಲ್ ಕೊಡು ತಾಯೀ!" ಚಿನ್ನ ಕೇಳುವುದು, ಅದೂ ಆ ಗಂಟಲಿನಲ್ಲಿ! ಗೋಕಿಲಾ ನೀರು ಕುಡಿಯುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಯಾರೋ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು.

ನಮ್ಮವಳು ಎರಡನೆಯವಳಾಗಿ ಬಂದಳು. ರಾಜ್ಯ ಮಟ್ಟಕ್ಕೆ ಆಯ್ಕೆಯಾದಳು. ಇವರಿಗೆ ಸಮಾಧಾನವಿಲ್ಲ. ಸಿಂಗಾನಲ್ಲೂರಿನಲ್ಲಿ ಬಸ್ ಹತ್ತಿದಾಗಿನಿಂದ ಊರು ಬರುವವರೆಗೆ ಒಂದೇ ರಾಗ — ಎರಡನೇ ರೌಂಡಿನ ತಿರುವಿನಲ್ಲಿ ಯಾಕೆ ನಿಧಾನ ಮಾಡಿದೆ, ಯಾಕೆ ನಿಧಾನ ಮಾಡಿದೆ. ಇಂದು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

ಪಿ.ಟಿ. ಮಾಸ್ಟರ್ ಸೆಲ್ಲಪ್ಪನ್ ಮೈದಾನದಲ್ಲೇ ನನ್ನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಹೇಳಿದರು: ಓಡುವಾಗ ಈ ಹುಡುಗಿಗೆ ಏನೂ ತೊಂದರೆ ಇಲ್ಲಮ್ಮ, ಓಡುವ ಮೊದಲು ನಿಮ್ಮವರನ್ನು ದೂರ ಇಡಿ. ನಾನೇನು ಇವರನ್ನು ಬುಟ್ಟಿಯಲ್ಲಿ ಮುಚ್ಚಿಡಲೇ?

ಸೆಪ್ಟೆಂಬರ್ 16

ವಿಡಿಯೋ ಸ್ಕೂಲಿನ ಗ್ರೂಪಿಗೆ ಬಂದಿದೆ. ಇಂದು ಎರಡು ದಿನದಿಂದ ಹೊಟ್ಟೆನೋವು ಎಂದು ಮಲಗಿದ್ದಾಳೆ. ಇವರು ಆ ವಿಡಿಯೋವನ್ನೇ ಸ್ಟೇಟಸ್ ಹಾಕಿಕೊಂಡಿದ್ದಾರೆ.

ಸೆಪ್ಟೆಂಬರ್ 24

ಫ್ಲೆಕ್ಸ್ ಹಾಕಿಸಿದ್ದಾರೆ!! ತಿರುವಿನಲ್ಲಿ, ಬೇಕರಿ ಎದುರು, ಆಳೆತ್ತರ. "ರಾಜ್ಯ ಓಟದಲ್ಲಿ ಚಿನ್ನ ಗೆಲ್ಲಲಿರುವ ನಮ್ಮೂರ ಮಗಳಿಗೆ ಅಭಿನಂದನೆ" ಎಂದು ತಮಿಳಿನಲ್ಲಿ. ಗೆಲ್ಲಲಿರುವ! ಓಟ ನವೆಂಬರ್‌ನಲ್ಲಿ. ಸುತ್ತ ನೆಂಟರ ಫೋಟೋಗಳು, ಒಬ್ಬ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದಾನೆ, ಅವನು ಯಾರೆಂದು ನನಗೂ ಗೊತ್ತಿಲ್ಲ.

"ಸೋತ್ರೆ ಏನ್ ಮಾಡ್ತೀರಿ?" ಅಂದೆ.

"ಬಾಯಲ್ಲಿ ನಲ್ಲ ಮಾತು, ಒಳ್ಳೇ ಮಾತೇ ಬರಲ್ವಾ ನಿಂಗೆ?"

ಇಂದು ಈಗ ಸ್ಕೂಲಿಗೆ ಬಳಸುದಾರಿಯಲ್ಲಿ ಹೋಗುತ್ತಾಳೆ, ಆ ಫ್ಲೆಕ್ಸ್ ಕಣ್ಣಿಗೆ ಬೀಳದಿರಲಿ ಎಂದು.

ಅಕ್ಟೋಬರ್ 1, ಆಯುಧಪೂಜೆ

ಬರೆದುಬಿಡುತ್ತೇನೆ. ಬರೆಯದಿದ್ದರೆ ನಾನೇ ನಂಬುವುದಿಲ್ಲ.

ಮಗ್ಗಗಳನ್ನೆಲ್ಲ ನಿಲ್ಲಿಸಿ, ಎಣ್ಣೆಜಿಡ್ಡು ಒರೆಸಿ, ಅರಿಶಿನ ಕುಂಕುಮ ಇಟ್ಟಿದ್ದೆವು. ವರ್ಷದಲ್ಲಿ ಈ ಒಂದು ದಿನ ಶೆಡ್ಡಿನಲ್ಲಿ ಸದ್ದಿರುವುದಿಲ್ಲ. ನೆಂಟರೆಲ್ಲ ಬಂದಿದ್ದರು. ಮೊದಲನೇ ಮಗ್ಗದ ಮೇಲೆ ಲಾಳಿ ಇಡುವ ಜಾಗದಲ್ಲಿ ಇವರು ಇಂದುವಿನ ಸ್ಪೈಕ್ ಶೂ ಇಟ್ಟಿದ್ದರು. ಮೊಳೆಮೊಳೆಗೂ ಕುಂಕುಮ.

ಆರತಿಯ ಹೊತ್ತಿಗೆ ಅವಳನ್ನು ಮುಂದೆ ಎಳೆದು ನಿಲ್ಲಿಸಿದರು. "ಚೌಡಮ್ಮನ ಮುಂದೆ ಹೇಳು ಕಣ್ಣೂ, ಚಿನ್ನ ತರ್ತೀನಿ ಅಂತ ಹೇಳು." ಅವಳ ತುಟಿ ಅಲುಗಿತು, ಸ್ವರ ಇಲ್ಲ. ನಡುಕ ಶುರುವಾಯಿತು. ಅತ್ತೆ ಕೈಮುಗಿದರು, ನೆಂಟರು ಕೈಮುಗಿದರು. ಇವರು ಬಗ್ಗಿ ಕೇಳುತ್ತಾರೆ, "ತಾಯೀ, ಎಷ್ಟ್ ಟೈಮಿಂಗಲ್ಲಿ ಗೆಲ್ತಾಳೆ? ಹೇಳು ತಾಯೀ!" ಟೈಮಿಂಗ್! ಮಗಳು ಉಸಿರು ಸಿಗದೆ ಬಾಯಿ ಬಾಯಿ ಬಿಡುತ್ತಿದ್ದಾಳೆ, ಈ ಮನುಷ್ಯ ದೇವರ ಹತ್ತಿರ ಟೈಮಿಂಗ್ ಕೇಳುತ್ತಿದ್ದಾನೆ!

ನನಗೆ ಏನಾಯಿತೋ. ಕೂಗಿದೆ. ಜಡೆ ಬಿಚ್ಚಿದ್ದು ನೆನಪಿದೆ. ಆರತಿ ತಟ್ಟೆ ಕೆಳಗೆ ಬಿತ್ತು.

"ನಾನ್ ಬಂದಿವ್ನಿ ಕಣ್ರೋ! ಆ ಮಗಾನ ಬುಡಿ! ಅವ್ಳು ಓಡ್ಕೂಡ್ದು! ಓಡ್ಸುದ್ರೆ ನಿಮ್ ಮಗ್ಗ ಒಂದೂ ಆಡಾಕಿಲ್ಲ!"

ಎಲ್ಲರೂ ನೆಲಕ್ಕೆ ಬಿದ್ದರು. ಇವರು ಎಲ್ಲರಿಗಿಂತ ಮೊದಲು.

ಅಕ್ಟೋಬರ್ 2

ನಾಟಕವೇ. ಅನುಮಾನವಿಲ್ಲ. ಆದರೂ ಗಂಟಲು ಇನ್ನೂ ಉರಿಯುತ್ತಿದೆ.

ಚೌಡಮ್ಮ ಕೊಳ್ಳೇಗಾಲದ ಕನ್ನಡ ಆಡಿದ್ದು ಯಾರಿಗೂ ವಿಚಿತ್ರ ಅನ್ನಿಸಿಲ್ಲ. "ನಮ್ ಪೆರಿಯವರು, ತಾತ ಮುತ್ತಾತಂದಿರು, ಕರ್ನಾಟಕದಿಂದ ಬಂದೋರಲ್ವಾ, ಅಮ್ಮಂದು ಹಳೇ ಭಾಷೆ" ಎಂದು ಅತ್ತೆ ನೆಂಟರಿಗೆ ವಿವರಿಸುತ್ತಿದ್ದರು. ತಲೆ ಚಚ್ಚಿಕೊಳ್ಳಬೇಕು.

ಅಕ್ಟೋಬರ್ 4

ಗೆದ್ದೆ. ಫ್ಲೆಕ್ಸ್ ಇಳಿದಿದೆ. ಸ್ಟಾಪ್‌ವಾಚ್ ಮೊಳೆಗೆ ನೇತಾಡುತ್ತಿದೆ. ಶೂಗಳನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರಕೋಣೆಯಲ್ಲಿ ಇಟ್ಟಿದ್ದಾರೆ. ಬೆಳಗ್ಗೆ ಐದಕ್ಕೆ ಬೀದಿ ನಿದ್ದೆ ಮಾಡುತ್ತಿದೆ. ದೋಸೆಗೆ ಎಣ್ಣೆ ಹಾಕಿದೆ. ಗರಿಗರಿ. ಇವರು ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ. ಮದುವೆಯಾದ ಮೇಲೆ ಮೊದಲ ಸಲ.

ಇಷ್ಟು ಸುಲಭ ಅಂತ ಗೊತ್ತಿದ್ದರೆ ಮೊದಲೇ ಜಡೆ ಬಿಚ್ಚುತ್ತಿದ್ದೆ.

ಅಕ್ಟೋಬರ್ 8, ಬೆಳಗ್ಗೆ

ಐದಕ್ಕೆ ಎಚ್ಚರವಾಯಿತು, ಅಭ್ಯಾಸಬಲ. ತಾರಸಿಯ ಮೇಲೆ ಧಪ್ ಧಪ್. ಕೋತಿ ಇರಬೇಕೆಂದು ಕೋಲು ಹಿಡಿದು ಹೋದೆ.

ಇಂದು. ಬರಿಗಾಲಲ್ಲಿ, ನೀರಿನ ಟ್ಯಾಂಕ್ ಸುತ್ತ ಓಡುತ್ತಿದ್ದಾಳೆ. ನಡುಕವಿಲ್ಲ, ಏನಿಲ್ಲ. ಮುಖ ಎಷ್ಟು ತಿಳಿಯಾಗಿತ್ತೆಂದರೆ ಕರೆಯಲು ಮನಸ್ಸಾಗಲಿಲ್ಲ. ನನ್ನನ್ನು ನೋಡಿದ್ದೇ ನಿಂತಳು.

"ಯಾರ್ ಕೇಳಿದ್ರು ಅಮ್ಮಾ ನಿನ್ನ?"

"ಏನು?"

"ನಂಗೆ ಗೊತ್ತು, ಅವತ್ತು ಚೌಡಮ್ಮ ಬರ್ಲಿಲ್ಲ. ನೀನೇ. ಓಡ್ಕೂಡ್ದು ಅಂತ ನಾನ್ ಹೇಳಿದ್ನಾ?"

"ನಿನಗೋಸ್ಕರನೇ ಕಣೇ... ವಾಂತಿ ಮಾಡ್ಕೊಂಡು, ನಡುಗಿ—"

"ಅದು ಅಪ್ಪನ್ ಸತ್ತಕ್ಕೆ, ಆ ಕೂಗಾಟಕ್ಕೆ. ಓಡಕ್ಕಲ್ಲ. ಗನ್ ಹೊಡೆದ್ಮೇಲೆ ನಂಗೆ ಯಾರ್ ಕೂಗೂ ಕೇಳಲ್ಲ. ಅದೊಂದೇ ನೆಮ್ಮದಿ. ಅದನ್ನೂ ಕಿತ್ಕೊಂಡೆ." ಅತ್ತಳು. "ಎಲ್ಲಾರೂ ನನ್ ಬಗ್ಗೆ ಚೌಡಮ್ಮನ್ನ ಕೇಳ್ತೀರಿ. ನನ್ನ ಯಾರೂ ಕೇಳಲ್ಲ."

ಕೈಯಲ್ಲಿದ್ದ ಕೋಲನ್ನು ಟ್ಯಾಂಕಿಗೆ ಒರಗಿಸಿಟ್ಟೆ. ನಾನು ಇವರಿಗಿಂತ ಬೇರೆ, ಮೇಲು, ತಿಳಿದವಳು ಅಂದುಕೊಂಡಿದ್ದೆನಲ್ಲ.

ದೀಪಾವಳಿಯ ಒಳಗೆ ರಾಜ್ಯ ಮೀಟಿಗೆ ಹೆಸರು ಕಳಿಸಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ — ಸೆಲ್ಲಪ್ಪನ್ ಮಾಸ್ಟರ್ ಹೇಳಿದ್ದು.

ಅಕ್ಟೋಬರ್ 10, ಶುಕ್ರವಾರ

ಮನೆ ಮುಂದೆ ಹೆಂಗಸರ ಸಾಲು. ಯಾಕೆ ಗೊತ್ತೆ? ನಾನು ಅಪ್ಪಣೆ ಕೊಡಬೇಕಂತೆ! ಒಬ್ಬಳಿಗೆ ಮಗನ ಮದುವೆ, ಒಬ್ಬಳಿಗೆ ಮೊಣಕಾಲು, ಎದುರುಮನೆ ಕಣ್ಣಮ್ಮನಿಗೆ ನೂಲಿನ ರೇಟು ಯಾವಾಗ ಇಳಿಯುತ್ತದೆ ಎಂದು ತಿಳಿಯಬೇಕು. ಒಗೆಯುವ ಬಟ್ಟೆ ಬಿದ್ದಿದೆ ಎಂದು ಹೇಳಿ ಹಿತ್ತಲಿಗೆ ಓಡಿದೆ. "ಎಷ್ಟ್ ಅಡಕ್ಕಂ ನೋಡು" ಅಂದಳು ಕಣ್ಣಮ್ಮ. ವಿನಯವಂತೆ, ನನಗೆ.

ಅಕ್ಟೋಬರ್ 11

ಇವತ್ತು ಇವರಿಗೆ ನಿಜ ಹೇಳಿದೆ.

ಎದುರು ನಿಂತು ಹೇಳಲು ಧೈರ್ಯವಿರಲಿಲ್ಲ. ಎಲ್ಲ ಮಗ್ಗಗಳೂ ಓಡುತ್ತಿದ್ದಾಗ ಶೆಡ್ಡಿಗೆ ಹೋಗಿ, ಆ ಸದ್ದಿನಲ್ಲಿ, ಒಮ್ಮೆ ಹೇಳಿ ಹಗುರವಾಗೋಣ ಎಂದುಕೊಂಡು ಮೆಲ್ಲಗೆ ಅಂದೆ, "ಅವತ್ತು ದೇವರು ಬರ್ಲಿಲ್ಲ, ನಾನೇ ನಾಟಕ ಆಡಿದ್ದು." ಶೆಡ್ಡಿನವರಿಗೆ ಕಿವಿ ಬೇಡ, ತುಟಿ ನೋಡಿಯೇ ಮಾತು ಹಿಡಿಯುತ್ತಾರೆ ಎನ್ನುವುದು ಇಷ್ಟು ವರ್ಷ ಇಲ್ಲಿದ್ದೂ ಆ ಗಳಿಗೆಗೆ ಮರೆತೇಹೋಯಿತು. ಇವರು ಕೈಯಲ್ಲಿದ್ದ ನೂಲು ಬಿಟ್ಟರು. ಮಗ್ಗ ನಿಲ್ಲಿಸಿದರು.

ಬೈಯಲಿ, ಹೊಡೆಯಲಿ ಎಂದು ನಿಂತೆ.

"ಸತ್ಯಾ, ಅಮ್ಮ ಬಂದು ಹೋದ್ಮೇಲೆ ಬಂದೋರಿಗೆ ಏನೂ ನೆನಪಿರಲ್ಲ. ಅದಕ್ಕೇ ನಿಂಗೆ ಹಂಗ್ ಅನ್ಸೋದು."

"ನೆನಪಿದೆ ರೀ! ಎಲ್ಲಾ ನೆನಪಿದೆ! ಒಂದೊಂದ್ ಮಾತೂ ನಾನೇ—"

"ಕವಲೆ ಪಡ್ಬೇಡ, ಚಿಂತೆ ಬೇಡ. ಅವ್ಳು ಓಡೋದಿಲ್ಲ. ತಾಯಿ ಮಾತು ನಾನ್ ಮೀರಲ್ಲ." ಕಣ್ಣಲ್ಲಿ ನೀರು. ತುಂಬ ಮೆತ್ತಗೆ ಹೇಳಿದರು.

ಸುಳ್ಳು ಹೇಳಿದಾಗ ಊರೇ ನಂಬಿತು. ನಿಜ ಹೇಳಿದರೆ ಗಂಡನೂ ನಂಬುವುದಿಲ್ಲ. ಎಂಥ ಮನೆಗೆ ಬಂದು ಬಿದ್ದೆ ದೇವರೇ! ದೇವರೇ ಅನ್ನಲೂ ಈಗ ಹೆದರಿಕೆ.

ಅಕ್ಟೋಬರ್ 13

ಅತ್ತೆಗೂ ಹೇಳಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮತ್ತೆ ನಂಗೆ ಅನ್ನ ಹಾಕ್ದೆ ಬೈತಿದ್ದಾಗ ನನ್ ಮೇಲೂ ಚೌಡಮ್ಮ ಬತ್ತಿದ್ಲು. ಬಂದು, ರಾಮಾಯಿಗೆ ಮೊದ್ಲು ಊಟಕ್ಕಿಡು ಅಂತಿದ್ಲು." ರಾಮಾಯಿ ಅಂದರೆ ಅತ್ತೆಯೇ.

"ಅಂದ್ರೆ ನೀವೂ..."

"ಬಂದೋಳ್ನ ಯಾರೂ ಕೇಳ್ಬಾರ್ದು ಸತ್ಯಾ. ಬಂದ್ಲು, ಅಷ್ಟೇ." ಬೆಳ್ಳುಳ್ಳಿ ಸಿಪ್ಪೆ ಊದಿದರು. "ಮಾತು ತಿರುಗಿಸ್ಬೇಕು ಅಂದ್ರೆ ಅವ್ಳೇ ಮತ್ತೆ ಬರ್ಬೇಕು."

ಅಕ್ಟೋಬರ್ 17, ಶುಕ್ರವಾರ

ದೀಪಾವಳಿ ಸೋಮವಾರ. ಇವತ್ತೇ ಚೌಡಮ್ಮ ಮತ್ತೆ ಬರಬೇಕಿತ್ತು.

ಸಂಜೆ ದೇವರಕೋಣೆ. ಇವರು ಗಂಟೆ ಬಾರಿಸುತ್ತಿದ್ದಾರೆ, ಅತ್ತೆ ಕರ್ಪೂರ ಹಚ್ಚಿದ್ದಾರೆ, ನಾನು ಜಡೆ ಬಿಚ್ಚಿಕೊಂಡು ನಿಂತಿದ್ದೇನೆ. ಏನೂ ಇಲ್ಲ. ಕೈ ಆಡಿಸಿದೆ, ನೊಣ ಓಡಿಸಿದ ಹಾಗಾಯಿತು. ಕೂಗಲು ಬಾಯಿ ತೆರೆದೆ, ಆಕಳಿಕೆ ಬಂತು. ಕೋಪವಿಲ್ಲದೆ ಬರುವುದಿಲ್ಲ ಕಾಣುತ್ತದೆ. ಆಗ ನನಗಿದ್ದದ್ದು ಬರೀ ನಾಚಿಕೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಸದ್ದು.

ಇಂದು. ಕಣ್ಣು ಅಗಲ, ಕತ್ತು ನೆಟ್ಟಗೆ. ನಡುಗುತ್ತಿದ್ದಾಳೆ, ಆದರೆ ಬೇಲಿ ಹತ್ತಿರದ ಆ ನಡುಕ ಅಲ್ಲ ಇದು. ಸ್ವರ ನೋಡಿದರೆ ಥೇಟ್ ಅಪ್ಪನದು, ಶೆಡ್ಡಿನ ಗಂಟಲು!

"ಟೇಯ್ ದೀನದಯಾಳಾ!"

ಇವರು ಗಂಟೆ ಬಿಟ್ಟು ಬಿದ್ದರು.

"ಕೂಸು ಓಡ್ತಾಳೆ! ಶೂ ಕೊಡು! ಗೆದ್ರೂ ಸೋತ್ರೂ ಅವ್ಳಿಷ್ಟಂ! ನೀನು ಗೇಟ್ ಒಳಗ್ ಬರ್ಕೂಡ್ದು. ಸತ್ತಮೇ ಮಾಡ್ಕೂಡ್ದು, ಕೂಗ್ಕೂಡ್ದು. ಗೋಕಿಲಾ ಹೆಸರು ಈ ಮನೇಲಿ ಎತ್ಕೂಡ್ದು. ಓಡಿ ಬಂದ್ಮೇಲೆ ಎಷ್ಟನೇ ಪ್ಲೇಸ್ ಅಂತ ಕೇಳ್ಕೂಡ್ದು. ಊಟ ಆಯ್ತಾ ಅಂತ ಕೇಳು!"

"ಆಗ್ಲಿ ತಾಯೀ, ಆಗ್ಲಿ ತಾಯೀ..."

ಈ ಸಲ ಚೌಡಮ್ಮನಿಗೆ ಚೆನ್ನಾಗಿ ತಮಿಳು ಬರುತ್ತಿತ್ತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಆಗ ಆ ಕಣ್ಣು ನನ್ನ ಕಡೆ ತಿರುಗಿತು.

"ಇವ್ಳ ಅಮ್ಮನೂ ಗೇಟ್ ಒಳಗ್ ಬರ್ಕೂಡ್ದು."

ಏನೂ ಮಾಡುವಂತಿಲ್ಲ. ನಾನೂ ನೆಲಕ್ಕೆ ಹಣೆ ಹಚ್ಚಿದೆ. ಪಕ್ಕದಲ್ಲಿ ಅತ್ತೆ ಕರ್ಪೂರದ ತಟ್ಟೆ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ನಿಂತಿದ್ದರು.

ರಾತ್ರಿ ಊಟದಲ್ಲಿ ಇಂದು ದೋಸೆ ಮೇಲೆ ದೋಸೆ ಹಾಕಿಸಿಕೊಂಡಳು. ನಾನು ಏನೂ ಕೇಳಲಿಲ್ಲ.

ಅಕ್ಟೋಬರ್ 19

ಹೆಸರು ಕಳಿಸಿದ್ದಾಯಿತು. ಬೆಳಗ್ಗೆ ಅಲಾರಂ ಇಟ್ಟುಕೊಂಡು ತಾನೇ ಎದ್ದು ಹೋದಳು. ಇವರು ಎಚ್ಚರವಾಗಿಯೇ ಮಲಗಿದ್ದರು, ಬಾಯಿಗೆ ಹೊದಿಕೆ ತುರುಕಿಕೊಂಡು.

ನವೆಂಬರ್ 8, ಶನಿವಾರ. ಕೊಯಮತ್ತೂರು, ಸ್ಟೇಡಿಯಂ ಹೊರಗೆ

ರಾಜ್ಯ ಮೀಟ್. ಗೇಟಿನ ಎದುರು, ಎಳನೀರು ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದೇವೆ. ಹೊತ್ತು ಹೋಗದೆ ಡೈರಿ ತಂದಿದ್ದೇನೆ. ಒಳಗೆ ಹೋಗುವಾಗ ಇಂದು ಒಂದು ಸಲ ತಿರುಗಿ ನೋಡಿದಳು. ಕೈ ಮುಟ್ಟಿದೆ. ತಣ್ಣಗಿತ್ತು, ಐಸಿನಷ್ಟಲ್ಲ. ಅವಳೇ ಬಿಡಿಸಿಕೊಂಡಳು. "ಹೋಗ್ಬತ್ತೀನಿ." ಅಷ್ಟೇ.

ಈಗ ನಡುಕ ನನಗೆ. ಗೋಡೆಯ ಆಚೆ ಮೈಕಿನಲ್ಲಿ ಏನೋ ಹೇಳುತ್ತಾರೆ, ಒಂದಕ್ಷರ ತಿಳಿಯುವುದಿಲ್ಲ. ಇವರು ಎಳನೀರು ತೆಗೆಸಿ ಸ್ಟ್ರಾ ಹಾಕಿ ಕೈಗೆ ಕೊಟ್ಟರು. ಕುಡಿಯಲಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ

ಗನ್ ಸದ್ದು ಆಯಿತು. ಅವಳದೋ ಬೇರೆಯವರದೋ. ಇವರು ದಡಕ್ಕನೆ ಎದ್ದರು, ಬಾಯಿ ತೆರೆದರು, ನನ್ನ ಸೆರಗು ಎಳೆದು ಬಾಯಿಗೆ ಒತ್ತಿಕೊಂಡು ಕೂತರು. ಹೆಗಲು ಅಲುಗುತ್ತಿತ್ತು. ಇಷ್ಟು ದಿನ ಈ ಮನುಷ್ಯನನ್ನು ಬೈದು ಬೈದು ಪುಟ ತುಂಬಿಸಿದ್ದೇನೆ. ಇವರೂ ಹೆದರಿದ್ದಾರೆ, ಪಾಪ. ಮಗಳಿಗಿಂತ ಹೆಚ್ಚೇ ಹೆದರಿದ್ದಾರೆ.

ಹುಡುಗಿಯರು ಗುಂಪಾಗಿ ಹೊರಗೆ ಬರುತ್ತಿದ್ದಾರೆ. ಅಳುವವರು, ನಗುವವರು. ಅಪ್ಪಂದಿರು ಗೇಟಿನಲ್ಲೇ ತಡೆದು ಅದೇ ಪ್ರಶ್ನೆ ಕೇಳುತ್ತಿದ್ದಾರೆ.

ಅಗೋ. ನಮ್ಮವಳು. ಶೂ ಕೈಯಲ್ಲಿದೆ, ಬರಿಗಾಲು. ಪಕ್ಕದಲ್ಲಿ ಯಾರೋ ಹುಡುಗಿ. ಅಲ್ಲ, ಗೋಕಿಲಾ! ಇಬ್ಬರೂ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದಾರೆ. ಮುಖದಲ್ಲಿ ಏನೂ ಗೊತ್ತಾಗುತ್ತಿಲ್ಲ. ಕೊರಳು ಜನರ ಮರೆಯಲ್ಲಿದೆ, ಮೆಡಲ್ ಇದೆಯೋ ಇಲ್ಲವೋ...

ಇವರು ಎದ್ದು ನಿಂತು ಉರು ಹೊಡೆಯುತ್ತಿದ್ದಾರೆ, "ಊಟ ಆಯ್ತಾ, ಊಟ ಆಯ್ತಾ, ಊಟ ಆಯ್ತಾ." ಅಪ್ಪಣೆ ಮೀರುವವರಲ್ಲ.

ನನ್ನ ನಾಲಗೆಯ ತುದಿಯಲ್ಲಿ ಮಾತ್ರ ಆ ಇನ್ನೊಂದು ಪ್ರಶ್ನೆಯೇ ಕೂತಿದೆ. ಹತ್ತಿರ ಬಂದಳು. ನುಂಗು ಸತ್ಯಾ, ನುಂಗು. ಎಷ್ಟನೇ —